ಎರವಲು ಕೊಟ್ಟ ಬಾಯಿ

ಮುರ್ಗಾಬ್ ಹೊಳೆಯ ದಂಡೆಯ ನಮ್ಮ ಊರಿನಲ್ಲಿ ಬೇಸಿಗೆ ಬಂತೆಂದರೆ ಕೋಳಿಗಳು ಬೇಯಿಸಿದ ಮೊಟ್ಟೆಯನ್ನೇ ಇಡುತ್ತವೆ. ಅಂಥ ಬಿಸಿಲಿನಲ್ಲೂ ತಂದೂರಿನ ಬಾಯಿಗೆ ಮುಖ ಕೊಟ್ಟು ರೊಟ್ಟಿ ತಟ್ಟುತ್ತಿದ್ದವಳು ನನ್ನ ಪಕ್ಕದ ಮನೆಯ ಒಗುಲ್‌ಗೆರೆಕ್. ನಾನು ಕರಬೂಜ ಬೆಳೆಯುವವನು. ಒಂದು ವರ್ಷ ನನ್ನ ಕರಬೂಜದ ಹೋಳೊಂದರಲ್ಲಿ ಕೂತು ಎರಡು ಒಂಟೆಗಳು ಹೊಳೆ ದಾಟಿದ್ದವು. ನಂಬದವರು ಒಂಟೆಗಳನ್ನೇ ಕೇಳಬಹುದು. ನಮ್ಮಿಬ್ಬರ ಅಂಗಳಗಳ ನಡುವೆ ಎದೆಮಟ್ಟದ ಒಂದು ಮಣ್ಣಿನ ಗೋಡೆ ಇತ್ತು. ಅದರಾಚೆಯ ಮಾತೆಲ್ಲ ನನ್ನ ಕಿವಿಗೆ ತಾನಾಗಿ ಬಂದು ಬೀಳುತ್ತಿತ್ತು.

ಒಗುಲ್‌ಗೆರೆಕ್ ಎಂದರೆ ನಮ್ಮ ಮಾತಿನಲ್ಲಿ 'ಗಂಡುಮಗು ಬೇಕು' ಎಂದು. ಸಾಲಾಗಿ ಹೆಣ್ಣೇ ಹುಟ್ಟಿದಾಗ ಅವರಪ್ಪ ದೇವರಿಗೆ ಹಾಕಿದ ಅರ್ಜಿಯನ್ನೇ ಮಗಳಿಗೆ ಹೆಸರಾಗಿ ಇಟ್ಟ. ದೇವರು ಓದಿದನೋ ಇಲ್ಲವೋ, ಮುಂದಿನದೂ ಹೆಣ್ಣಾಯಿತು. ಅದಕ್ಕೆ ದೊಯ್ದುಕ್, 'ಹೊಟ್ಟೆ ತುಂಬಿತು ಸಾಕು' ಎಂದಿಟ್ಟ.

ಇವಳ ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಅಂಗಳದ ಮರದ ಮಂಚದ ಮೇಲೆ ಹೊಸಬರಿಗೆ ತುರ್ಕ್‌ಮೆನ್ ಭಾಷೆ ಹೇಳಿಕೊಡುತ್ತಿದ್ದಳು. ಕೆಂಪು ಬಾವುಟ ಇಳಿದು, ಕಚೇರಿಯ ಮಾತು ರಷ್ಯನ್‌ನಿಂದ ನಮ್ಮ ಭಾಷೆಗೆ ತಿರುಗಿದ ಕಾಲ ಅದು. ಕುರ್ಚಿಯಲ್ಲಿ ಕೂತು ಹೊಟ್ಟೆ ಬೆಳೆಸಿದವರೆಲ್ಲ ಕಳೆದುಹೋದ ಕತ್ತೆಯನ್ನು ಹುಡುಕುವವರಂತೆ ತಾಯಿನುಡಿಯನ್ನು ಹುಡುಕಿಕೊಂಡು ಅವಳ ಅಂಗಳಕ್ಕೆ ಬಂದರು.

"ಹೆದರ್‌ಬೇಡ್ರಪ್ಪಾ," ಎನ್ನುತ್ತಿದ್ದಳು ಮೊದಲ ದಿನವೇ. "ರಷ್ಯನ್‌ನಲ್ಲಿ ಚಮಚ ಹೆಣ್ಣು, ಚಾಕು ಗಂಡು, ಸೂರ್ಯ ಎರಡೂ ಅಲ್ಲ. ನಮ್ಮ ಭಾಷೆ ಯಾರನ್ನೂ ನೀನು ಗಂಡೋ ಹೆಣ್ಣೋ ಅಂತ ಕೇಳಲ್ಲ. ಗಂಡ, ಹೆಂಡ್ತಿ, ಕತ್ತೆ, ಚಹಾದ ಪಾತ್ರೆ, ಎಲ್ಲಾರ್ಗೂ ಒಂದೇ 'ಓಲ್'. ಅವನೂ ಅದೇ, ಅವಳೂ ಅದೇ. ನಾನು ಹುಟ್ಟಿದ ದಿನ ಕೇಳಿದ್ದು ನಮ್ಮಪ್ಪ. ಭಾಷೆ ಅಲ್ಲ."

ಬಹುವಚನದ ಪಾಠ ಮಾತ್ರ ಊಟದ ಬಟ್ಟೆಯ ಮೇಲೆ ನಡೆಯುತ್ತಿತ್ತು. ಅವಳೇ ನೇಯ್ದ ಕೆಂಪು ಅಂಚಿನ ಬಟ್ಟೆ ಅದು. ಬಲಕ್ಕೆ ಕರಬೂಜ, ಸೇಬು. ಎಡಕ್ಕೆ ರೊಟ್ಟಿ, ದ್ರಾಕ್ಷಿ. ಬಲಗಡೆಯವು ಬಾಯಿಯ ಹಿಂಭಾಗದಿಂದ ಹೊರಡುವ ಪದಗಳು, ಅವಕ್ಕೆ ಬಾಲ 'ಲಾರ್': ಗಾವುನ್‌ಲಾರ್, ಅಲ್ಮಾಲಾರ್. ಎಡಗಡೆಯವು ಹಲ್ಲಿನ ಹತ್ತಿರ ಹುಟ್ಟುವಂಥವು, ಅವಕ್ಕೆ 'ಲೆರ್': ಚೋರೆಕ್‌ಲೆರ್, ಉಜುಮ್‌ಲೆರ್. ಸರಿಯಾದ ಬಾಲ ಹಚ್ಚಿದವನಿಗೆ ಆ ತಿಂಡಿ. ತಪ್ಪಿದವನಿಗೆ ಬರೀ ಹಸಿರು ಚಹಾ. ಸುಂಕದ ಕಚೇರಿಯ ಒಬ್ಬ ದಪ್ಪ ಅಧಿಕಾರಿ 'ಲೆರ್' ಕಲಿಯುವಷ್ಟರಲ್ಲಿ ಎಷ್ಟು ಸೊರಗಿದನೆಂದರೆ, ಅವನ ಹೆಂಡತಿ ಬಾಗಿಲಲ್ಲಿ ಗುರುತು ಹಿಡಿಯದೆ ಭಿಕ್ಷೆ ಹಾಕಿ ಕಳಿಸಿದಳು. ಯಾರಾದರೂ 'ಐದು ಕರಬೂಜಗಳು' ಎಂದು ಬಾಲ ಸೇರಿಸಿದರೆ, "ಐದು ಅಂದ್ಮೇಲೆ ಆಯ್ತಲ್ಲ, ಇನ್ನೊಂದ್ಸಲ ಯಾಕೆ? ನಮ್ಮ ಭಾಷೆ ಕಿವುಡಲ್ಲ," ಎಂದು ತಟ್ಟೆ ಹಿಂದಕ್ಕೆ ಎಳೆಯುತ್ತಿದ್ದಳು.

ಕಲಿಯಲು ಬಂದವರಲ್ಲಿ ಒಬ್ಬಳು ಶೆಮ್‌ಶಾತ್. ಹುಟ್ಟಿದ್ದು ನಮ್ಮವರಲ್ಲೇ, ಬೆಳೆದದ್ದು ರಾಜಧಾನಿಯ ರಷ್ಯನ್ ಶಾಲೆಯಲ್ಲಿ. ಬಂದಾಗ 'ಸಲಾಮ್' ಬಿಟ್ಟು ಬೇರೊಂದು ಪದ ಬರುತ್ತಿರಲಿಲ್ಲ. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ನಮ್ಮ ಮಾತಿನಲ್ಲಿ ಮೇಕೆಯನ್ನೂ ನಗಿಸಬಲ್ಲವಳಾದಳು. ಒಗುಲ್‌ಗೆರೆಕ್‌ಳನ್ನು 'ದಾಯ್ಜಾ', ಚಿಕ್ಕಮ್ಮ, ಎಂದೇ ಕರೆಯುತ್ತಿದ್ದಳು. ತಂದೂರಿನಿಂದ ತೆಗೆದ ಮೊದಲ ರೊಟ್ಟಿ ಅವಳಿಗೇ. ಅವಳ ಕೂದಲು ಹೆಣೆಯುತ್ತ ಒಗುಲ್‌ಗೆರೆಕ್ ಹಾಡು ಗುನುಗುವುದನ್ನು ನಾನು ಗೋಡೆಯಾಚೆಯಿಂದ ಕೇಳಿದ್ದೇನೆ. ಅಪಸ್ವರವಿತ್ತು, ಆದರೆ ಅಕ್ಕರೆಯಲ್ಲಿ ಕೊರತೆಯಿರಲಿಲ್ಲ.

ಆಗ ಊರಿನ ಸಂಸ್ಕೃತಿ ಭವನದಲ್ಲಿ ಹೊಸಬರಿಗಾಗಿ ತರಗತಿ ತೆರೆಯುವ ಸುದ್ದಿ ಬಂತು. ಕರಿಹಲಗೆ, ಬೆಂಚು, ಸೀಮೆಸುಣ್ಣ ಎಲ್ಲ ಇರುವ ನಿಜವಾದ ತರಗತಿ. ಒಗುಲ್‌ಗೆರೆಕ್‌ಳ ಕಣ್ಣಿನಲ್ಲಿ ದೀಪ ಹತ್ತಿತು. ನನ್ನನ್ನು 'ಆಗಾ', ಅಣ್ಣ, ಎನ್ನುವವಳು ಗೋಡೆಗೆ ಒರಗಿ ಹೇಳಿದಳು:

"ಪಿರ್ಲಿ ಆಗಾ, ಮಂಚದ ಮೇಲೆ ಹೇಳ್ಕೊಟ್ರೆ ನಾನು ಪಕ್ಕದ್ಮನೆ ಹೆಂಗಸು. ಹಲಗೆ ಮುಂದೆ ನಿಂತ್ರೆ ಟೀಚರು. ಒಂದ್ಸಲ ಹಾಗೆ ಅನ್ನಿಸ್ಕೊಂಡು ಸಾಯ್ಬೇಕು."

"ಅನ್ನಿಸ್ಕೊಂಡು ಬದುಕಮ್ಮಾ. ಸತ್ರೆ ನನ್ನ ಕರಬೂಜದ ಹೊಗಳಿಕೆ ಕೇಳೋರ್ಯಾರು?" ಎಂದೆ.

ತೊಡಕೊಂದಿತ್ತು. ಭವನದ ಮುಖ್ಯಸ್ಥ ಹೊಜಾನೆಪೆಸ್ ಅವಳ ಗಂಡನ ದೊಡ್ಡಪ್ಪನ ಮಗ, ವರಸೆಯಲ್ಲಿ ಭಾವ. ನಮ್ಮಲ್ಲಿ ಸೊಸೆಯಾದವಳು ಭಾವನ ಎದುರು ತಲೆವಸ್ತ್ರದ ಅಂಚನ್ನು ತುಟಿಗಳ ನಡುವೆ ಕಚ್ಚಿಕೊಳ್ಳಬೇಕು, ದನಿ ಹೊರಡಿಸಕೂಡದು. ಹೇಳುವುದಿದ್ದರೆ ಪಕ್ಕದವರ ಕಿವಿಯಲ್ಲಿ ಉಸುರಬೇಕು. ಅವರು ಗಟ್ಟಿಯಾಗಿ ಹೇಳುತ್ತಾರೆ. ಮದುವೆಯಾದಂದಿನಿಂದ ಹೊಜಾನೆಪೆಸ್ ಅವಳ ದನಿ ಕೇಳಿದವನೇ ಅಲ್ಲ. ಅಂಥವನು ಟೀಚರನ್ನು ಆರಿಸುವ ಮುನ್ನ ಪಾಠ ನೋಡುತ್ತೇನೆಂದು ಅಂಗಳಕ್ಕೆ ಬಂದು ಕೂತ.

ಒಗುಲ್‌ಗೆರೆಕ್ ಅಂಚು ಕಚ್ಚಿದಳು. ಶೆಮ್‌ಶಾತ್ ಅವಳ ಬಾಯಾದಳು. ಇವಳು ಉಸುರಿದ್ದನ್ನು ಅವಳು ನುಡಿದಳು. ಚಮಚ, ಚಾಕು, ಸೂರ್ಯ, ಬಲದ ಲಾರ್, ಎಡದ ಲೆರ್ ಎಲ್ಲವೂ ಬಂದವು. ಹೊಜಾನೆಪೆಸ್ ನಗುತ್ತ ಬಟ್ಟೆಯ ಎರಡು ಕಡೆಯನ್ನೂ ಖಾಲಿ ಮಾಡಿದ. ಅಷ್ಟರಲ್ಲಿ ತಂದೂರಿನಿಂದ ಸೀದ ವಾಸನೆ ಬಂತು. ಒಗುಲ್‌ಗೆರೆಕ್ ರೊಟ್ಟಿ ತೆಗೆಯಲು ಅಂಗಳದ ಮೂಲೆಗೆ ಓಡಿದಳು. ಮಂಚದ ಮೇಲೆ ಭಾವ ಏನೋ ಕೇಳಿದ, ಶೆಮ್‌ಶಾತ್ ಏನೋ ಹೇಳಿದಳು. ಮಾತು ಗೋಡೆಯ ತನಕ ಬರಲಿಲ್ಲ.

ವಾರ ಕಳೆಯಿತು. ಒಂದು ಬೆಳಿಗ್ಗೆ ಶೆಮ್‌ಶಾತ್ ಬೀದಿಯುದ್ದಕ್ಕೂ "ಬುಶ್ಲುಕ್! ದಾಯ್ಜಾ, ಬುಶ್ಲುಕ್!" ಎಂದು ಕೂಗುತ್ತ ಓಡಿಬಂದಳು. ಶುಭಸುದ್ದಿ ತಂದವರ ಕೂಗು ಅದು. ಮೊದಲು ಉಡುಗೊರೆ, ಆಮೇಲೆ ಸುದ್ದಿ.

"ಏನ್ ಬೇಕೋ ಕೇಳೇ ಹುಚ್ಚಿ!" ಒಗುಲ್‌ಗೆರೆಕ್‌ಳ ಕೈಯ ಹಿಟ್ಟು ಮುಖಕ್ಕೂ ಹತ್ತಿತ್ತು.

"ಆ ಕೆಂಪಂಚಿನ ಬಟ್ಟೆ."

ಅವಳು ಕೊಡವಿ, ಮಡಿಸಿ, ಮುತ್ತಿಟ್ಟು ಕೊಟ್ಟಳು. "ಹೂಂ, ಈಗ್ಹೇಳು. ತರಗತಿ ಯಾವತ್ತು ಶುರು?"

"ಸೋಮವಾರ. ನನ್ನನ್ನೇ ಟೀಚರ್ ಮಾಡಿದಾರೆ, ದಾಯ್ಜಾ."

ನನ್ನ ಹೊಲದ ಕರಬೂಜಗಳು ಬೆಳೆಯುವುದನ್ನು ನಿಲ್ಲಿಸಿ ಕಿವಿಗೊಟ್ಟವು. ಕೊನೆಗೆ ಒಗುಲ್‌ಗೆರೆಕ್, "ಒಳ್ಳೇದಾಗ್ಲಿ," ಎಂದಳು. ಕೊಟ್ಟ ಉಡುಗೊರೆಯನ್ನು ವಾಪಸು ಕೇಳುವುದು ನಮ್ಮಲ್ಲಿಲ್ಲ.

ಅದೇ ಮಧ್ಯಾಹ್ನ ಅವಳು ನನ್ನನ್ನು ಜೊತೆಗೆ ಕರೆದುಕೊಂಡು ಭವನಕ್ಕೆ ಹೋದಳು. ಅವಳ ಬಾಯಾಗಲು ಕರೆದಿದ್ದಾಳೆಂದುಕೊಂಡು ನಾನು ಗಂಟಲು ಸರಿಮಾಡಿಕೊಂಡಿದ್ದೆ. ಹೊಜಾನೆಪೆಸ್‌ನ ಮೇಜಿನ ಮುಂದೆ ನಿಂತವಳೇ ತುಟಿಯ ನಡುವಿನ ಅಂಚನ್ನು ಉಗುಳಿದಳು.

"ನನಗ್ಯಾಕೆ ಕೊಡಲಿಲ್ಲ, ಭಾವ?"

ಆತನ ಕೈಯ ಚಹಾ ತೊಡೆಯ ಮೇಲೆ ಚೆಲ್ಲಿತು. "ನೀನೇ ಬೇಡ ಅಂದ್ಯಲ್ಲಮ್ಮಾ! ಮನೆಗೆಲಸ ಜಾಸ್ತಿ, ಮಂಡಿನೋವು, ಹುಡುಗಿಗೇ ಕೊಡಿ ಅಂತ."

"ಯಾರ್ ಹೇಳಿದ್ದು?"

"ಇನ್ಯಾರು? ನಿನ್ನ ಬಾಯೇ ಹೇಳ್ತಲ್ಲ, ನೀನು ರೊಟ್ಟಿ ತೆಗೀತಿದ್ದಾಗ."

ಒಗುಲ್‌ಗೆರೆಕ್ ಮೇಜಿನ ಅಂಚು ಹಿಡಿದುಕೊಂಡಳು. "ನನ್ನ ಮಂಡಿ ಚೆನ್ನಾಗೇ ಇದೆ," ಎಂದಳು.

"ಆದೇಶ ಮೇಲಕ್ಕೆ ಹೋಗ್ಬಿಟ್ಟಿದೆ. ತಂದೂರಿಗೆ ಹಚ್ಚಿದ ಹಿಟ್ಟನ್ನ ಮತ್ತೆ ಬಟ್ಟಲಿಗೆ ಹಾಕಕ್ಕಾಗುತ್ತೇನಮ್ಮಾ?" ಎಂದ ಭಾವ, ತೊಡೆ ಒರೆಸಿಕೊಳ್ಳುತ್ತ.

ಅಂದಿನಿಂದ ಅವಳು ಹೊಜಾನೆಪೆಸ್‌ನೆದುರು ಅಂಚು ಕಚ್ಚಲಿಲ್ಲ. ಮದುವೆಮನೆಯಲ್ಲಿ ಸಿಕ್ಕರೆ ಬಾಯ್ತುಂಬ ಮಾತಾಡಿಸುತ್ತಾಳೆ, ಪಲಾವಿಗೆ ಉಪ್ಪು ಕಡಿಮೆಯೆಂದು ಅವನನ್ನೇ ಗದರುತ್ತಾಳೆ. ಮುದುಕಿಯರು ನಾಚಿಕೆಗೇಡೆಂದು ಕೆನ್ನೆ ಗೀರಿಕೊಂಡರು. ಅವಳು ಲೆಕ್ಕಿಸಲಿಲ್ಲ.

ಈದ್‌ ಹಬ್ಬದ ದಿನ ಶೆಮ್‌ಶಾತ್ ಒಂದು ತಟ್ಟೆ ಮಿಠಾಯಿ ಹಿಡಿದು ಬಂದಳು. ಹಬ್ಬಕ್ಕೆ ಬಂದವರನ್ನು ಹೊರಗೆ ನಿಲ್ಲಿಸುವಂತಿಲ್ಲ. ಒಗುಲ್‌ಗೆರೆಕ್ ಬಟ್ಟೆಯಿಲ್ಲದ ಮಂಚದ ಬರಿಯ ಹಲಗೆಯ ಮೇಲೆ ರೊಟ್ಟಿ ಇಟ್ಟಳು, ಉಪ್ಪು ಇಟ್ಟಳು, ಚಹಾ ಬಗ್ಗಿಸಿದಳು. ಆಮೇಲೆ ತಲೆವಸ್ತ್ರದ ಅಂಚನ್ನೆತ್ತಿ ತುಟಿಗಳ ನಡುವೆ ಕಚ್ಚಿಕೊಂಡು ಕೂತಳು.

"ದಾಯ್ಜಾ, ಇದೇನಿದು? ನಾನೇನ್ ನಿಮ್ಮ ಭಾವನಾ? ಬೈಯ್ರಿ ಬೇಕಾದ್ರೆ, ಹೊಡೀರಿ. ಒಂದ್ ಮಾತಾಡಿ." ಗೋಡೆಯ ಮೇಲೆ ಮೊಣಕೈ ಊರಿದ್ದ ನನ್ನ ಕಡೆ ತಿರುಗಿದಳು. "ಆಗಾ, ನೀವಾದ್ರೂ ಹೇಳಿ."

ಒಗುಲ್‌ಗೆರೆಕ್ ನನ್ನನ್ನು ಕೈಸನ್ನೆಯಲ್ಲಿ ಹತ್ತಿರ ಕರೆದು ಕಿವಿಯಲ್ಲಿ ಉಸುರಿದಳು. ನನ್ನ ನಾಲಿಗೆಗೆ ಉದ್ದ ಸೇರಿಸದೆ ಮಾತಾಡಿ ಅಭ್ಯಾಸವಿಲ್ಲ. ಅವತ್ತು ಮಾತ್ರ ಕಿವಿಗೆ ಬಿದ್ದಷ್ಟನ್ನೇ ಹೇಳಿದೆ:

"ಚಹಾ ಆರೋಗ್ತಿದೆಯಂತೆ. ಕುಡಿದು ಹೋಗ್ಬೇಕಂತೆ."