ಡೈಸಿ ಅರಳಿತು, ಬೀದಿಯೆಲ್ಲ ಕೊಡ ಹಿಡಿದು ಬಂತು

ಗೆಳೆಯರೇ, ಇವತ್ತು ಹೊಸದುರ್ಗದ ನಮ್ಮ ಬೀದಿಯವರಿಗೆಲ್ಲ ನಾನು ಮೋಸ ಮಾಡಿದೆ. ಬೇಕಂತ ಮಾಡಿದ್ದಲ್ಲ.

ಕಾಂಪೌಂಡ್ ಗೋಡೆಯುದ್ದಕ್ಕೂ ಎರಡು ವರ್ಷದಿಂದ ಡೈಸಿ ಬೆಳೆಸ್ತಿದೀನಿ. ನೋಡೋಕೆ ಸೇವಂತಿಗೆ ತರಾನೇ, ಬಿಳಿ ಎಸಳು, ನಡುವೆ ಹಳದಿ. ಒಮ್ಮೆ ನೆಟ್ಟರೆ ವರ್ಷಾವರ್ಷ ಹೂ ಬಿಡುತ್ತೆ ಅಂತ ನರ್ಸರಿಯವರು ಹೇಳಿದ್ರು. ನಮ್ಮಲ್ಲಿ ಬರೀ ಎಲೆ. "ಈ ತಿಂಗಳೂ ಬಿಡ್ಲಿಲ್ಲ ಅಂದ್ರೆ ಕಿತ್ತಾಕಿ ಮೆಂತ್ಯ ಹಾಕ್ತೀನಿ" ಅಂತ ಅತ್ತೆ ಗಡುವು ಕೊಟ್ಟಿದ್ರು.

ಬೆಳಿಗ್ಗೆ ಬಾಗಿಲು ತೆಗೆದು ನೋಡ್ತೀನಿ, ಮೂರು ಹೂವು! "ಬಂತು! ಬಂತು! ಎಲ್ಲಾರೂ ಬರ್ರಿ!" ಅಂತ ಕೂಗೇಬಿಟ್ಟೆ.

ನಮ್ಮ ಬೀದಿಗೆ ನಲ್ಲಿ ನೀರು ಬಂದು ಆರು ದಿನ ಆಗಿತ್ತು. ಎರಡೇ ನಿಮಿಷದಲ್ಲಿ ಗೇಟಿನ ಮುಂದೆ ಹತ್ತು ಜನ, ಎಲ್ಲರ ಕೈಯಲ್ಲೂ ಕೊಡ. ಎದುರುಮನೆ ಶಮೀಮಕ್ಕ ಏದುಸಿರು ಬಿಡ್ತಾ ಕೇಳಿದ್ರು, "ಎಲ್ಲೈತ್ರೀ ನೀರು?"

"ನೀರಲ್ಲ ಅಕ್ಕಾ, ಹೂವು."

"ಹೂವಿಗೆ ಯಾರಾದ್ರೂ ಹಿಂಗೆ ಕೂಗ್ತಾರೇನ್ರೀ? ಒಲೆ ಮೇಲೆ ಹಾಲಿಟ್ಟು ಓಡಿಬಂದೀನಿ!"

ಬೈತಾ ಬೈತಾನೇ ಬಗ್ಗಿ ನೋಡಿದ್ರು. ಆಮೇಲೆ ಮೆಲ್ಲಗೆ, "ಚೆಂದ ಐತೆ. ಬುಡದಾಗೆ ಮರಿಗಿಡ ಅವೆ, ನಂಗೊಂದು ಕೊಡ್ರಿ" ಅಂದ್ರು. "ನಮಗೂ" ಅಂದ್ರು ಉಳಿದವರು.

ನಾನು ಬಾಯಿ ತೆಗೆಯೋಕೆ ಮುಂಚೆ ಅತ್ತೆ ಮುಂದೆ ಬಂದು ನಿಂತ್ರು. "ಮಳೆ ಬಿದ್ದ ಮೇಲೆ ಬರ್ರಿ, ನಾನೇ ಕಿತ್ಕೊಡ್ತೀನಿ. ನನ್ನ ಗಿಡ ಕಣ್ರೀ ಇದು!"

ಎರಡು ವರ್ಷ ಅದು ನನ್ನ ಗಿಡ ಆಗಿತ್ತು. ಹೂ ಬಿಟ್ಟಿದ್ದೇ ತಡ, ಅತ್ತೆಯದಾಯ್ತು.