ಎಂಟು ಸಾಲಿನ ಈರಪ್ಪ

ಈರಪ್ಪ ದಿನಕ್ಕೆ ಎಂಟು ಸಾಲು ಬರೆಯುತ್ತಿದ್ದ. ಬರೆದ ಗಂಟೆಯೊಳಗೆ ಅವನ್ನು ತಾನೇ ಇಲ್ಲವಾಗಿಸುತ್ತಿದ್ದ. ಪೆನ್ನು ಮುಟ್ಟುತ್ತಿರಲಿಲ್ಲ. ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವುದು ಅವನ ಕೆಲಸ. ಎಡಗೈಯಲ್ಲಿ ಕಬ್ಬಿಣದ ಸ್ಟಿಕ್ಕು ಹಿಡಿದು, ಮರದ ಕೇಸಿನ ಖಾನೆಗಳಿಂದ ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ, ತಲೆಯಲ್ಲಿದ್ದುದನ್ನು ನೇರವಾಗಿ ಅದರಲ್ಲಿ ಜೋಡಿಸುತ್ತಿದ್ದ. ಎಂಟು ಸಾಲಿಗೆ ಸ್ಟಿಕ್ಕು ತುಂಬುತ್ತಿತ್ತು. ಮಸಿ ಸವರಿ ಕಾಗದದ ಮೇಲೆ ಒಂದೇ ಒಂದು ಪ್ರೂಫು ತೆಗೆಯುವನು. ಓದಿ, ಮುದುಡಿ, ಕಸದ ಡಬ್ಬಿಗೆ ಹಾಕುವನು. ಆಮೇಲೆ ಮೊಳೆಗಳನ್ನು ಬಿಚ್ಚಿ ಅವುಗಳ ಖಾನೆಗೆ ಮರಳಿಸುವನು.

ತೊಂಬತ್ತರ ದಶಕದ ಆರಂಭದಲ್ಲಿ ನಾನು ಹುಬ್ಬಳ್ಳಿಯ ಹೈಸ್ಕೂಲೊಂದರ ಹೆಡ್‌ಮಾಸ್ತರ. ದುರ್ಗದಬೈಲಿನ ಹಿಂದಿನ ಓಣಿಯ ಆ ಪ್ರೆಸ್ಸಿನಲ್ಲಿ ನಮ್ಮ ಪ್ರಶ್ನೆಪತ್ರಿಕೆಗಳು ಅಚ್ಚಾಗುತ್ತಿದ್ದವು. ಬೇರೆಯವರ ಕಣ್ಣಿಗೆ ಬೀಳಬಾರದೆಂದು ನಾನೇ ಹೋಗಿ ಕಾವಲು ಕೂಡುತ್ತಿದ್ದೆ. ಕೆಲಸ ಶುರುವಾಗುವುದು ಒಂಬತ್ತಕ್ಕೆ. ಮಠದ ಬೋರ್ಡಿಂಗಿನಲ್ಲಿ ಗಂಟೆಗೆ ಎದ್ದು ಗಂಟೆಗೆ ಉಂಡು ಬೆಳೆದ ನಾನು ಎಂಟಕ್ಕೇ ಹಾಜರಾಗುತ್ತಿದ್ದೆ. ಅಷ್ಟರಲ್ಲಿ ಈರಪ್ಪ ಉಣಕಲ್ಲಿನಿಂದ ಸೈಕಲ್ ತುಳಿದು ಬಂದು, ಹಣೆಯ ವಿಭೂತಿ ಬೆವರಿಗೆ ಅಳಿಸಿಹೋಗಿ, ನಾಲ್ಕನೆಯ ಸಾಲಿನಲ್ಲಿರುತ್ತಿದ್ದ.

ನಾನೂ ಬರೆಯುತ್ತಿದ್ದೆ. ನಸುಕಿನ ಐದರಿಂದ ಆರು, ದಿನಕ್ಕೊಂದು ಪುಟ. ಆದರೆ ಪತ್ರಿಕೆಯವರು ಒಂದು ಲೇಖನ ವಾಪಸು ಕಳಿಸಿದರೆ ಮುಂದಿನ ಹದಿನೈದು ದಿನ ಆ ತಾಸು ಸುಮ್ಮನೆ ಕೂತು ಏಳುತ್ತಿದ್ದೆ. ಹಾಗಾಗಿ ಯಾರೂ ಕೇಳದೆ, ಯಾರಿಗೂ ತೋರಿಸದೆ ಬರೆಯುವ ಈ ಮನುಷ್ಯ ನನಗೆ ಒಗಟಾಗಿದ್ದ.

ಒಮ್ಮೆ ಅವನ ಪ್ರೂಫು ಓದಿದೆ. ಒಬ್ಬ ರೈತನ ಹೊಲವಿದ್ದ ಜಾಗದಲ್ಲಿ ಈಗ ಯಾರದೋ ಮನೆ. ರೈತ ಚಕ್ಕಡಿ ಹೊಡೆದುಕೊಂಡು ಆ ದಾರಿಯಲ್ಲಿ ಹಾಯುವಾಗ ಎತ್ತು ಆ ಮನೆಯ ಗೇಟಿನೆದುರು ತಾನಾಗಿ ನಿಲ್ಲುತ್ತದೆ. ರೈತನಿಗೆ ಅದನ್ನು ಹೊಡೆಯಲು ಮನಸ್ಸಾಗುವುದಿಲ್ಲ. ಎಂಟು ಸಾಲಿನಲ್ಲಿ ಅಷ್ಟೇ ಇತ್ತು.

“ಇದನ್ನ ಯಾಕ ಬಿಚ್ಚತೀರಿ ಈರಪ್ಪ? ಛಲೋ ಐತಲ್ಲ.”

“ಮೊಳಿ ನನ್ನವಲ್ಲರಿ ಮಾಸ್ತರ್ರ. ಒಂಬತ್ತಕ್ಕ ಮದಿವಿ ಕಾರ್ಡ್ ಜೋಡಸಬೇಕು. ನನ್ನ ಎತ್ತು ಇಲ್ಲೇ ನಿಂತ್ರ ವರನ ಹೆಸರಿಗೆ ಅಕ್ಷರಾ ಎಲ್ಲಿಂದ ತರ್ಲಿ?”

“ಹಂಗಾರ ಒಂದು ವಹಿಯಾಗ ಬರದಿಡ್ರಿ.”

“ಪೆನ್ನ ಹಿಡದ್ರ ಕೈ ಹೆದರತೈತ್ರಿ, ಸಾಲ್ಯಾಗ ನಿಮ್ಮಂಥವರು ಬಾಜೂಕ ನಿಂತಂಗ. ಮೊಳಿ ಹಿಡದ್ರ ಹಂಗಾಗಂಗಿಲ್ಲ.”

ಒಳ್ಳೆಯದನ್ನು ಹಾಳಾಗಲು ಬಿಡುವುದು ನನ್ನ ಸ್ವಭಾವಕ್ಕೆ ಒಗ್ಗದು. ಆ ಪ್ರೂಫನ್ನು ಡಬ್ಬಿಯಿಂದ ತೆಗೆದು, ಇಸ್ತ್ರಿ ಮಾಡಿ, ಅವನ ಹೆಸರಿನಲ್ಲಿ ಪತ್ರಿಕೆಗೆ ಕಳಿಸಿದೆ. ಭಾನುವಾರದ ಪುರವಣಿಯಲ್ಲಿ ಚೌಕಟ್ಟು ಹಾಕಿ ಅಚ್ಚು ಮಾಡಿದರು. ಸೋಮವಾರ ಪ್ರೆಸ್ಸಿನ ಮಾಲಕರು ಪೇಡೆ ಹಂಚಿದರು. ಅಚ್ಚಿನ ಮಷಿನ್ ತುಳಿಯುವ ದಸ್ತಗೀರ, “ಏನ್ ಈರಪ್ಪಣ್ಣಾ, ಇನ್ನ ನಮ್ಮ ಜೋಡಿ ಚಾ ಕುಡಿತೀಯೋ, ಇಲ್ಲಾ ಸಾಹಿತಿಗಳ ಜೋಡಿನೋ?” ಎಂದು ಕಾಡಿದ. ಈರಪ್ಪ ನಕ್ಕು ಪೇಡೆ ತಿಂದ.

ಮರುದಿನದಿಂದ ಅವನ ಸ್ಟಿಕ್ಕು ಖಾಲಿ. ಬರುವುದು ತಪ್ಪಲಿಲ್ಲ. ಕೇಸಿನ ಮುಂದೆ ನಿಲ್ಲುವನು, ಕೈ ಖಾನೆಯವರೆಗೆ ಹೋಗಿ ತಿರುಗಿ ಬರುವುದು. ಒಂದು ವಾರ ನೋಡಿ ನಾನು ಕೇಳಿದೆ.

“ಈಗ ನಿಂತ್ರ ನಾಕ್ ಮಂದಿ ಹೆಗಲ ಮ್ಯಾಲಿಂದ ಇಣಕಿ ನೋಡಿದಂಗ ಆಗತೈತ್ರಿ” ಎಂದ. ಮುಖ ತಿರುಗಿಸದೆಯೇ, “ಒಂದ್ ಮಾತ್ ಕೇಳಿದ್ರ ಏನಾಗತಿತ್ರಿ ಮಾಸ್ತರ್ರ?” ಎಂದ.

ಅದಕ್ಕಿಂತ ಹೆಚ್ಚಿಗೆ ಅವನು ನನ್ನನ್ನು ಬೈಯಲಿಲ್ಲ. ನಾಲ್ಕು ದಿನ ಬಿಡುವು ತೆಗೆದುಕೊಳ್ಳಿರಿ ಎಂದು ಸಲಹೆ ಕೊಟ್ಟೆ. ಅವನು ಕೇಳಲಿಲ್ಲ. ಬದಲಿಗೆ, ಅಚ್ಚಾಗಿ ಮುಗಿದು ಮೂಲೆಯಲ್ಲಿ ಕಟ್ಟಿಟ್ಟಿದ್ದ ಹಳೆಯ ಕೆಲಸಗಳನ್ನು ಎಂಟಕ್ಕೆಲ್ಲ ಬಿಚ್ಚತೊಡಗಿದ. ಲಗ್ನಪತ್ರಿಕೆ, ಅರಳೆ ಅಂಗಡಿಯ ಜಾಹೀರಾತು, ಯಾರೋ ತೀರಿಹೋದವರ ಶಿವಗಣಾರಾಧನೆಯ ಕಾರ್ಡು.

“ಇದೇನ್ರಿ?”

“ಮಂದೀ ಅಕ್ಷರಾ ಬಿಚ್ಚಾಕತ್ತೇನ್ರಿ. ಖಾನಿ ತುಂಬಲಿ.”

ಸುಮಾರು ಎರಡು ತಿಂಗಳು ಹೀಗೇ ನಡೆಯಿತು. ಪ್ರಶ್ನೆಪತ್ರಿಕೆಯ ಕೆಲಸವಿಲ್ಲದ ದಿನವೂ ನಾನು ಹೋಗಿ ಕೂಡುತ್ತಿದ್ದೆ. ಒಂದು ದಿನ ಸ್ಟಿಕ್ಕಿನಲ್ಲಿ ಮೂರು ಸಾಲು ಕಂಡವು. ವಾರದೊಳಗೆ ಎಂಟಾದವು. ನಾನು ಅಂದಿನಿಂದ ಅವನ ಸ್ಟಿಕ್ಕಿನತ್ತ ಕಣ್ಣು ಹಾಯಿಸದೆ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂಡುವುದನ್ನು ಕಲಿತೆ. ಮನೆಯಲ್ಲಿಯೂ ಒಂದು ಬದಲಾವಣೆ ಮಾಡಿಕೊಂಡೆ. ಬರಹ ಹುಟ್ಟದ ದಿನ ಐದರಿಂದ ಆರು ನೆರೆಯವರ ಅರ್ಜಿ, ಪತ್ರ ಬರೆದುಕೊಡುತ್ತಿದ್ದೆ. ಲೇಖನ ವಾಪಸು ಬಂದರೂ ನನ್ನ ಪೆನ್ನು ನಿಲ್ಲುವುದು ಅಲ್ಲಿಂದ ತಪ್ಪಿತು.

ದಶಕದ ಕೊನೆಗೆ ಪ್ರೆಸ್ಸಿಗೆ ಕಂಪ್ಯೂಟರ್ ಬಂತು. ಮೊಳೆಗಳನ್ನೆಲ್ಲ ಕರಗಿಸಲು ಗುಜರಿಗೆ ಹಾಕುವುದೆಂದಾಯಿತು. ಈರಪ್ಪನಿಗೆ ಕೆಲಸ ಹೋಗುವ ಚಿಂತೆಗಿಂತ, ನಾಳೆ ಎಂಟು ಸಾಲು ಎಲ್ಲಿ ಜೋಡಿಸುವುದೆಂಬ ಚಿಂತೆ ದೊಡ್ಡದಾಗಿತ್ತು. ನಾನು ಗೆರೆ ಹಾಕಿದ ವಹಿಯೊಂದನ್ನು ಕೊಟ್ಟು ನೋಡಿದೆ. ತಿಂಗಳ ಮೇಲೆ ಅದು ಅವನ ಮೊಮ್ಮಗಳ ಪಾಟಿಚೀಲದಲ್ಲಿತ್ತು. ಬೀಳ್ಕೊಡುವ ದಿನ ಮಾಲಕರು ಶಾಲು ತಂದರು. ಈರಪ್ಪ ಅದು ಬೇಡವೆಂದು, ಎರಡು ಕೇಸು ಮೊಳೆ ಮತ್ತು ತನ್ನ ಸ್ಟಿಕ್ಕು ಕೇಳಿದ.

“ಹುಚ್ಚೇನೋ ಈರಪ್ಪಾ? ಸೀಸಾ ಹೊತ್ಕೊಂಡ್ ಹೋಗಿ ಏನ್ ಮಾಡ್ತಿ?”

“ಶಾಲ್ ಹೊತ್ಕೊಂಡ್ ಏನ್ ಮಾಡ್ಲಿರಿ?”

ಮಾಲಕರು ನಕ್ಕು ಕೊಟ್ಟರು. ದಸ್ತಗೀರನೇ ಟೆಂಪೋ ತಂದು ಉಣಕಲ್ಲಿಗೆ ಮುಟ್ಟಿಸಿದ.

ಆಮೇಲೆ ಏಳೆಂಟು ವರ್ಷ, ತಿಂಗಳ ಎರಡನೆಯ ಭಾನುವಾರ ಹತ್ತು ಗಂಟೆಗೆ ನಾನು ಅವನ ಮನೆಗೆ ಹೋಗುತ್ತಿದ್ದೆ. ಕೇಸುಗಳು ಕಿಟಕಿಯ ಕೆಳಗಿದ್ದವು. ಪ್ರೂಫು ತೆಗೆಯುವ ಸಾಧನ ಅಲ್ಲಿರಲಿಲ್ಲ. ಜೋಡಿಸಿದ್ದನ್ನು ಲೋಹದಲ್ಲೇ ಓದಿ ಬಿಚ್ಚುತ್ತಿದ್ದ. ಕಣ್ಣಿಗೆ ಪೊರೆ ಬಂದ ಮೇಲೆ ಬೆರಳಿನಿಂದ ತಡವಿ ಓದುತ್ತಿದ್ದ. ಇನ್ನೂ ಒಂಬತ್ತರೊಳಗೇ ಮುಗಿಸುತ್ತೀರಲ್ಲ, ಈಗ ಯಾವ ಮದುವೆಯ ಕಾರ್ಡು ಕಾಯುತ್ತಿದೆ ಎಂದು ನಾನು ಚೇಷ್ಟೆ ಮಾಡಿದರೆ, “ನಾಳೆ ನಾನ ಬರ್ತೇನಲ್ರಿ, ನನಗ ಬೇಕಲ್ಲ ಮೊಳಿ” ಎನ್ನುತ್ತಿದ್ದ.

ಒಂದು ಚಳಿಗಾಲ ಅವನು ತೀರಿಕೊಂಡ. ಮೂರನೆಯ ದಿನ ಬೆಳಿಗ್ಗೆ ಏಳಕ್ಕೆ ಹೋದೆ. ಅವನ ಸೊಸೆ ಕಿಟಕಿಯತ್ತ ಕೈ ಮಾಡಿ, “ಅದನ್ನ ನೀವ ನೋಡ್ರಿ ಮಾಸ್ತರ್ರ. ನಮಗ ಮುಟ್ಟಾಕ ಅಂಜಿಕಿ” ಎಂದಳು.

ಸ್ಟಿಕ್ಕಿನಲ್ಲಿ ಐದು ಸಾಲು ಇದ್ದವು. ಮೂರರ ಜಾಗ ಖಾಲಿ. ಜೇಬಿನಲ್ಲಿ ಪೆನ್ನು, ಕಾಗದ ಇದ್ದೇ ಇದ್ದವು. ಬರೆದುಕೊಳ್ಳಲು ಕೈ ಅತ್ತ ಹೋಯಿತು. ಒಂದು ಮಾತು ಕೇಳೋಣವೆಂದರೆ ಈಗ ಅವನಿರಲಿಲ್ಲ. ಕೈ ಹಿಂದೆ ತೆಗೆದುಕೊಂಡು ಮೊಳೆ ಬಿಚ್ಚತೊಡಗಿದೆ.

ಅವನಿಗೆ ಕಾಲು ಗಂಟೆಯ ಕೆಲಸ. ನನಗೆ ಒಂದೊಂದು ಅಕ್ಷರದ ಖಾನೆಯನ್ನೂ ಹುಡುಕಬೇಕಿತ್ತು. ಸೊಸೆ ಎರಡು ಸಲ ಚಹಾ ತಂದಿಟ್ಟು ಹೋದಳು. ಓದದೆ ಬಿಚ್ಚಲು ಬರುವುದಿಲ್ಲ, ಹಾಗಾಗಿ ಓದಿದೆ. ಎತ್ತು ಮತ್ತೆ ಬಂದಿತ್ತು ಎಂದಷ್ಟೇ ಹೇಳಬಲ್ಲೆ. ಕೊನೆಯ ಮೊಳೆಯನ್ನು ಅದರ ಖಾನೆಗೆ ಹಾಕಿ, ಸ್ಟಿಕ್ಕು ಒರೆಸಿಟ್ಟು ಗಡಿಯಾರ ನೋಡಿದೆ. ಒಂಬತ್ತಕ್ಕೆ ಐದು ನಿಮಿಷವಿತ್ತು.