ಮಾವ ಇಟ್ಟ ಜಾಮೀನು

ತಂಗಿಯ ಮಗಳ ನರ್ಸಿಂಗ್ ಓದಿನ ಸಾಲಕ್ಕೆ ಸೋದರಮಾವ ತನ್ನ ಮನೆಯನ್ನೇ ಜಾಮೀನಿಟ್ಟಿದ್ದ. ಅವಳು ಕೆಲಸಕ್ಕೆಂದು ವಿದೇಶಕ್ಕೆ ಹಾರಿದ ಮೇಲೆ ಅವನ ತಲೆಗೆ ಅನುಮಾನದ ಹುಳ ಹೊಕ್ಕಿತು. ಕಂತು ತಪ್ಪಿದರೆ ಮನೆ ಹೋಗುತ್ತದಲ್ಲ. ಪ್ರತಿ ಭಾನುವಾರ ವಿಡಿಯೊ ಕರೆ ಮಾಡಿ, ಅವಳ ಮುಖ ಬಿಟ್ಟು ಬೆನ್ನ ಹಿಂದಿನ ಕೋಣೆಯನ್ನು ತನಿಖೆ ಮಾಡುತ್ತಿದ್ದ.

“ಆ ಕರ್ಟನ್ ಹೊಸದೇನಮ್ಮಾ?”

“ಮನೆ ಓನರದ್ದು, ಮಾವ.”

ಮುಂದಿನ ವಾರದಿಂದ ಅವಳು ಬೋಳು ಗೋಡೆಗೆ ಒರಗಿ ಕೂತಳು. ಮಾವನ ನಿದ್ದೆ ಪೂರ್ತಿ ಹಾರಿತು.

“ಬರೀ ಗೋಡೆ ತೋರಿಸ್ತಾಳೆ ಅಂದ್ರೆ ಸೋಫಾನೇ ಬಂದಿರಬೇಕು ಕಣೇ,” ಎಂದ ಹೆಂಡತಿಗೆ.

ಕೊನೆಗೆ ಬ್ಯಾಂಕಿಗೇ ಹೋದ. ಮ್ಯಾನೇಜರ್ ಮನೆಪತ್ರ ಕೈಗಿತ್ತು, “ಅವಧಿಗೆ ಮೊದಲೇ ಸಾಲ ತೀರಿಸಿದ್ದಾರೆ, ಸಾರ್,” ಎಂದರು.

ಮಾವ ಪತ್ರವನ್ನು ಬೆಳಕಿಗೆ ಹಿಡಿದು ನೋಡಿ, ಬಗಲಿಗೆ ಸೇರಿಸಿಕೊಂಡು ಮೆಲ್ಲಗೆ ಕೇಳಿದ: “ಇಷ್ಟು ಬೇಗ ತೀರಿಸೋಕೆ ಅಲ್ಲಿ ಯಾರ ಹತ್ರ ಸಾಲ ಮಾಡಿದಾಳೋ. ಅದಕ್ಕೂ ಜಾಮೀನಿಗೆ ನನ್ನ ಹೆಸರು ಕೊಟ್ಟಿಲ್ಲ ತಾನೇ?”